ಹಳೆಯ ಆಟದ ಹೊಸ ರೂಪ ಕಂಡು ಕೋಪವೇಕೆ?

ಕಂಪ್ಯೂಟರ್ ಆಟವೊಂದರ ನಾಯಕನ ಮುಖ ಬದಲಾಯಿತೆಂದು ನಲವತ್ತು, ಐವತ್ತು ವರ್ಷದವರು ಸಿಟ್ಟಿಗೇಳುವುದುಂಟೆ? ಉಂಟು. 2022ರ ಜೂನ್ ಕೊನೆಯಲ್ಲಿ ನಡೆದ ಪ್ರಸಂಗವೇ ಇದಕ್ಕೆ ನಿದರ್ಶನ. ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ 1990ರಲ್ಲಿ ಹೊರಬಂದ ಪ್ರಸಿದ್ಧ ಸಾಹಸದ ಆಟ. ಕಡಲ್ಗಳ್ಳನಾಗಬೇಕೆಂದು ಹೊರಡುವ ಪೆದ್ದು ಯುವಕನೊಬ್ಬನ ಕಥೆ ಅದು. ಅದನ್ನು ರೂಪಿಸಿದ ಅಮೆರಿಕದ ರಾನ್ ಗಿಲ್ಬರ್ಟ್ ಬಹುಕಾಲದ ನಂತರ ಅದೇ ಕಥೆಯನ್ನು ಮುಂದುವರಿಸಿ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ ಎಂಬ ಹೊಸ ಆಟ ಸಿದ್ಧಪಡಿಸುತ್ತಿದ್ದರು. ಅದರ ತುಣುಕು ಹೊರಬಿದ್ದಾಗ ಚಿತ್ರಗಳ ಶೈಲಿ ಹಳೆಯದರಂತೆ ಇರಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದಂತೆ ಚೂಪು ಕೋನಗಳ ಚಿತ್ರಗಳಿದ್ದವು. ಅಷ್ಟಕ್ಕೇ ಕೆಲವು ಅಭಿಮಾನಿಗಳು ಕೆರಳಿ ಗಿಲ್ಬರ್ಟರನ್ನು ವೈಯಕ್ತಿಕವಾಗಿ ನಿಂದಿಸತೊಡಗಿದರು. ಬೈಗುಳಗಳನ್ನು ಅಳಿಸಿ ಅಳಿಸಿ ಬೇಸತ್ತ ಅವರು, ಹಂಚಿಕೊಳ್ಳುವ ಸಂತೋಷವೇ ಹೋಯಿತೆಂದು ಹೇಳಿ ಆ ಆಟದ ಬಗ್ಗೆ ಬರೆಯುವುದನ್ನೇ ನಿಲ್ಲಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಟ ಬಿಡುಗಡೆಯಾದಾಗ ವಿಮರ್ಶಕರು ಅದನ್ನು ಮೆಚ್ಚಿದರೆಂಬುದು ಬೇರೆ ಮಾತು.

ಆರೋಗ್ಯದ ಅಂಕಣದಲ್ಲಿ ಆಟದ ಸುದ್ದಿಯೇಕೆ ಎಂದು ಓದುಗರು ಕೇಳಬಹುದು. ಪ್ರೀತಿಸಿದ ವಸ್ತು ಬದಲಾದಾಗ ಮನಸ್ಸಿಗೆ ಆಗುವ ನೋವು, ಆ ನೋವು ಕೋಪವಾಗಿ ತಿರುಗುವ ಬಗೆ, ಆ ಕೋಪದಿಂದ ನಮಗೂ ಇತರರಿಗೂ ಆಗುವ ಹಾನಿ ಇವೆಲ್ಲ ಮಾನಸಿಕ ಆರೋಗ್ಯಕ್ಕೆ ಸೇರಿದ ವಿಷಯಗಳೇ. ಮೆಚ್ಚಿನ ಚಿತ್ರಗೀತೆಯನ್ನು ಹೊಸ ವಾದ್ಯಗಳೊಂದಿಗೆ ಕೇಳಿ ‘ಇದೇನು ಹಾಳುಮಾಡಿದ್ದಾರೆ’ ಎಂದು ರೇಡಿಯೋ ಆರಿಸಿದವರಿಗೆ ಈ ಭಾವನೆ ಹೊಸದಲ್ಲ.

ಈ ಆಟಗಳು ಎಂಥವು?

ಸಾಹಸದ ಆಟಗಳಲ್ಲಿ ಗುಂಡು ಹಾರಿಸುವ ಚುರುಕುತನಕ್ಕಿಂತ ಯೋಚಿಸುವ ತಾಳ್ಮೆ ಮುಖ್ಯ. ಇಲ್ಲಿ ಕಥೆಯಿರುತ್ತದೆ, ಒಗಟುಗಳಿರುತ್ತವೆ. ಒಂದು ಕೋಣೆಯಲ್ಲಿ ಸಿಕ್ಕ ವಸ್ತುವನ್ನು ಇನ್ನೆಲ್ಲೋ ಬಳಸಿದರೆ ಮಾತ್ರ ಕಥೆ ಮುಂದಕ್ಕೆ ಸಾಗುತ್ತದೆ. ರಾಬರ್ಟಾ ವಿಲಿಯಮ್ಸ್ ರೂಪಿಸಿದ ‘ಕಿಂಗ್ಸ್ ಕ್ವೆಸ್ಟ್’ (1984), ಮಿಲ್ಲರ್ ಸೋದರರ ‘ಮಿಸ್ಟ್’ (1993) ಮತ್ತು ‘ರಿವೆನ್’ (1997), ಟಿಮ್ ಶೇಫರ್ ಅವರ ‘ಗ್ರಿಮ್ ಫಂಡಾಂಗೊ’ (1998) ಈ ಬಗೆಯ ಹೆಸರಾಂತ ಆಟಗಳು. ಒಂದೊಂದು ಒಗಟಿನ ಮುಂದೆ ದಿನಗಟ್ಟಲೆ ಕುಳಿತು, ಅಣ್ಣತಮ್ಮಂದಿರನ್ನೂ ಗೆಳೆಯರನ್ನೂ ಕೇಳಿ, ಪುಸ್ತಕದಲ್ಲಿ ನಕ್ಷೆ ಬರೆದುಕೊಂಡು ಆಡಿದವರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಈ ಆಟಗಳು ಒಂದೊಂದಾಗಿ ಹೊಸ ಚಿತ್ರ, ಹೊಸ ಧ್ವನಿಯೊಡನೆ ಮರಳಿ ಬಂದಿವೆ. ಬಂದಾಗಲೆಲ್ಲ ಹಳೆಯ ಅಭಿಮಾನಿಗಳಲ್ಲಿ ಕೆಲವರು ಹಿಗ್ಗಿದ್ದಾರೆ, ಕೆಲವರು ಸಿಡುಕಿದ್ದಾರೆ.

ನೆನಪಿನ ಬೇರು

1688ರಲ್ಲಿ ಜೊಹಾನಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಒಂದು ಪ್ರಬಂಧ ಬರೆದ. ಊರು ಬಿಟ್ಟು ದೂರ ದೇಶಗಳಲ್ಲಿದ್ದ ಯುವಕರು ಊಟ, ನಿದ್ರೆ ಬಿಟ್ಟು ಸೊರಗುತ್ತಿದ್ದುದನ್ನು ವರ್ಣಿಸಿ, ಈ ಸ್ಥಿತಿಗೆ ಗ್ರೀಕಿನ ‘ಮರಳುವಿಕೆ’ ಮತ್ತು ‘ನೋವು’ ಎಂಬ ಎರಡು ಪದಗಳನ್ನು ಕೂಡಿಸಿ ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟ. ಬಹುಕಾಲ ವೈದ್ಯರು ಇದನ್ನು ಒಂದು ಕಾಯಿಲೆಯೆಂದೇ ತಿಳಿದಿದ್ದರು.

ಈಗ ಆ ಅಭಿಪ್ರಾಯ ಬದಲಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಕಾನ್ಸ್ಟಂಟೈನ್ ಸೆಡಿಕಿಡಿಸ್ ಮತ್ತು ಟಿಮ್ ವೈಲ್ಡ್‌ಷುಟ್ ಅವರ ಅಧ್ಯಯನಗಳ ಪ್ರಕಾರ, ಒಂಟಿತನ ಅಥವಾ ಬೇಸರ ಕಾಡಿದಾಗ ಹಳೆಯ ದಿನಗಳ ಹಂಬಲ ತಾನಾಗಿ ಮೂಡುತ್ತದೆ. ‘ನನಗೂ ನನ್ನವರಿದ್ದಾರೆ’ ಎಂಬ ಭಾವನೆಯನ್ನು ಅದು ಬಲಪಡಿಸುತ್ತದೆ. ಅಂದರೆ ಈ ಹಂಬಲ ರೋಗವಲ್ಲ. ಹಲವು ವೇಳೆ ಅದು ಮನಸ್ಸು ತಾನೇ ಮಾಡಿಕೊಳ್ಳುವ ಮದ್ದು.

ಇನ್ನೊಂದು ಸಂಗತಿಯಿದೆ. ನಲವತ್ತು ದಾಟಿದವರನ್ನು ಜೀವನದ ನೆನಪುಗಳ ಬಗ್ಗೆ ಕೇಳಿದರೆ, ಹತ್ತರಿಂದ ಮೂವತ್ತನೆಯ ವಯಸ್ಸಿನ ನಡುವಿನ ಸಂಗತಿಗಳೇ ಹೆಚ್ಚಾಗಿ ಹೊರಬರುತ್ತವೆ. ಆ ವಯಸ್ಸಿನ ಹಾಡು, ಸಿನಿಮಾ, ಆಟ ಇವೆಲ್ಲ ‘ನಾನು ಯಾರು’ ಎಂಬ ತಿಳಿವಳಿಕೆಯೊಡನೆ ಹೆಣೆದುಕೊಂಡಿರುತ್ತವೆ. ಜೊತೆಗೆ, ಹೆಚ್ಚು ಕಷ್ಟಪಟ್ಟು ಪಡೆದದ್ದಕ್ಕೆ ಮನಸ್ಸು ಹೆಚ್ಚು ಬೆಲೆ ಕೊಡುತ್ತದೆಂದು ಏರನ್‌ಸನ್ ಮತ್ತು ಮಿಲ್ಸ್ 1959ರಲ್ಲೇ ತೋರಿಸಿದ್ದರು. ವಾರಗಟ್ಟಲೆ ತಲೆ ಕೆಡಿಸಿಕೊಂಡು ಬಿಡಿಸಿದ ಒಗಟಿಗೆ 2009ರ ‘ಮಂಕಿ ಐಲ್ಯಾಂಡ್’ ಹೊಸ ಆವೃತ್ತಿಯಲ್ಲಿ ಸುಳಿವು ಹೇಳಿಕೊಡುವ ಏರ್ಪಾಡು ಬಂದಾಗ, ತಮ್ಮ ಶ್ರಮಕ್ಕೆ ಬೆಲೆಯಿಲ್ಲದಾಯಿತೆಂದು ಹಳಬರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಹೊಸ ಆವೃತ್ತಿ ಕಂಡು ನೊಂದವರು ಅಳುತ್ತಿರುವುದು ಚಿತ್ರಗಳಿಗಾಗಿ ಅಲ್ಲ. ಶಾಲೆ ಮುಗಿಸಿ ಬಂದು ಅಣ್ಣನೊಡನೆ ಕುಳಿತು ಆಡಿದ ಸಂಜೆಗಳಿಗಾಗಿ. ಆಟ ಮತ್ತೆ ಬಂತು, ಆ ಸಂಜೆ ಬರಲಿಲ್ಲ.

ನೆನಪು ಫೋಟೋ ಅಲ್ಲ

‘ಹಳೆಯ ಆಟ ಎಷ್ಟು ಚೆನ್ನಾಗಿತ್ತು!’ ಎನ್ನುವವರು ಒಮ್ಮೆ ಅದನ್ನೇ ಇಂದಿನ ಪರದೆಯ ಮೇಲೆ ಹಾಕಿ ನೋಡಿದರೆ ಬೆಚ್ಚುತ್ತಾರೆ. ಚಿತ್ರ ತೀರ ಒರಟಾಗಿ, ಚೌಕ ಚೌಕವಾಗಿ ಕಾಣುತ್ತದೆ. 1990ರ ಸುಮಾರಿನ ಅಂಥ ಆಟಗಳ ಚಿತ್ರ ಅಡ್ಡಲಾಗಿ 320, ಲಂಬವಾಗಿ 200 ಚುಕ್ಕೆಗಳಷ್ಟೇ. ಅಂದಿನ ಉಬ್ಬು ಗಾಜಿನ ಪರದೆಗಳು ಚುಕ್ಕೆಗಳ ಅಂಚನ್ನು ಸ್ವಲ್ಪ ಕಲಸಿ ನಯವಾಗಿ ತೋರಿಸುತ್ತಿದ್ದವು. ಉಳಿದುದನ್ನು ಆಡುವವರ ಕಲ್ಪನೆ ತುಂಬುತ್ತಿತ್ತು.

ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಚಿತ್ರ ಎಂದು ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ವಿವರಿಸಿದರು. ಕಟ್ಟುವಾಗ ಮನಸ್ಸು ಒರಟುತನವನ್ನು ಬಿಟ್ಟು ಸೊಗಸನ್ನು ಸೇರಿಸುತ್ತದೆ. ಹೀಗಾಗಿ ಹೊಸ ಆವೃತ್ತಿಯ ಸ್ಪರ್ಧೆ ಹಳೆಯ ಆಟದೊಡನೆ ಅಲ್ಲ, ಮೂವತ್ತು ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿದ ಚಿತ್ರದೊಡನೆ. ಯಾವ ಕಲಾವಿದನೂ ಅದನ್ನು ಗೆಲ್ಲಲಾರ.

ಪದೇ ಪದೇ ಕಂಡದ್ದು ಇಷ್ಟವಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ರಾಬರ್ಟ್ ಜಯಾನ್ಸ್ 1968ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಮೊದಲ ನೋಟಕ್ಕೆ ಹೊಸದು ಅಪರಿಚಿತ. ಅದು ಕೆಟ್ಟದ್ದೆಂದು ತೀರ್ಮಾನಿಸುವ ಮೊದಲು ನಾಲ್ಕಾರು ದಿನ ಕಾಯುವುದು ಜಾಣತನ.

ಕೋಪ ಕಾರಿದರೆ ತಣಿಯುತ್ತದೆಯೇ?

‘ಮನಸ್ಸಿನಲ್ಲಿದ್ದ ಸಿಟ್ಟನ್ನು ಹೊರಗೆ ಹಾಕಿದರೆ ಹಗುರವಾಗುತ್ತದೆ’ ಎಂಬ ನಂಬಿಕೆ ಎಲ್ಲೆಡೆ ಇದೆ. ಅಮೆರಿಕದ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾಗಿತ್ತು. ಕೋಪ ಬರಿಸಿದ ವ್ಯಕ್ತಿಯನ್ನೇ ನೆನೆಯುತ್ತ ಮರಳಿನ ಚೀಲವನ್ನು ಗುದ್ದಿದವರ ಕೋಪ ಇನ್ನೂ ಹೆಚ್ಚಿತ್ತು. ಸುಮ್ಮನೆ ಕುಳಿತವರು ಅವರಿಗಿಂತ ಶಾಂತರಾಗಿದ್ದರು.

ಕೋಪ ಬಂದಾಗ ಅಡ್ರಿನಲಿನ್ ಮುಂತಾದ ರಸಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತವೂ ರಕ್ತದ ಒತ್ತಡವೂ ಏರುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಕ್ಷಣಕಾಲದ ಕೋಪದಿಂದ ಆರೋಗ್ಯವಂತರಿಗೆ ದೊಡ್ಡ ಹಾನಿಯಿಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಅಪರಿಚಿತರೊಡನೆ ವಾಗ್ವಾದಕ್ಕಿಳಿದು, ಅವರು ಏನು ಬರೆದರೋ ಎಂದು ಮತ್ತೆ ಮತ್ತೆ ಫೋನ್ ತೆಗೆದು ನೋಡುವವರಿಗೆ ನಿದ್ರೆ ಎಲ್ಲಿಂದ ಬರಬೇಕು? ಬಿ.ಪಿ. ಇರುವವರಂತೂ ಇದನ್ನು ದೂರವಿಡಬೇಕು. ಅತ್ತ ಕಡೆ ಬೈಗುಳ ತಿನ್ನುವವರೂ ಮನುಷ್ಯರೇ. ವರ್ಷಗಟ್ಟಲೆ ದುಡಿದು ಒಂದು ಆಟ ಕಟ್ಟಿದವರಿಗೆ ಅವರನ್ನು ಪ್ರೀತಿಸುವುದಾಗಿ ಹೇಳುವವರಿಂದಲೇ ನಿಂದೆ ಬಂದರೆ ಅದರ ಗಾಯ ಆಳವಾದದ್ದು.

ಅದೇ ಪ್ರೀತಿ ಒಳ್ಳೆಯ ದಾರಿಯನ್ನೂ ಹಿಡಿದಿದೆ. ‘ಗ್ರಿಮ್ ಫಂಡಾಂಗೊ’ ಆಟದಲ್ಲಿ ನಾಯಕನನ್ನು ನಡೆಸುವ ಕ್ರಮ ತೊಡಕಿನದಾಗಿತ್ತು. ಅಭಿಮಾನಿಯೊಬ್ಬರು ಅದನ್ನು ಮೌಸ್‌ನಿಂದ ಆಡುವಂತೆ ತಾವೇ ತಿದ್ದಿದ್ದರು. 2015ರಲ್ಲಿ ಬಂದ ಹೊಸ ಆವೃತ್ತಿ ಆ ತಿದ್ದುಪಡಿಯನ್ನೇ ಬಳಸಿಕೊಂಡಿತು. ‘ರಿವೆನ್’ ಅಭಿಮಾನಿಗಳ ಗುಂಪೊಂದು ಆ ದ್ವೀಪಗಳನ್ನು ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಮರುನಿರ್ಮಿಸುತ್ತಿತ್ತು. ಮೂಲ ಸಂಸ್ಥೆ 2024ರಲ್ಲಿ ಹೊಸ ರೂಪ ತರುವಾಗ ಆ ಗುಂಪಿನ ನೆರವನ್ನೂ ಪಡೆಯಿತು. ಹೊಸ ‘ರಿವೆನ್’ನಲ್ಲಿ ಕೆಲವು ಒಗಟುಗಳನ್ನೇ ಬದಲಿಸಲಾಗಿದೆ. ಉತ್ತರಗಳೆಲ್ಲ ಬಾಯಿಪಾಠವಾಗಿದ್ದ ಹಳಬರೂ ಮತ್ತೊಮ್ಮೆ ತಲೆ ಕೆರೆದುಕೊಳ್ಳುವಂತಾಯಿತು.

ಕಣ್ಣು ಮತ್ತು ತಲೆಸುತ್ತು

ಎಲ್ಲ ದೂರುಗಳೂ ಮನಸ್ಸಿನವಲ್ಲ, ಕೆಲವು ದೇಹದವು. ಮೂಲ ‘ಮಿಸ್ಟ್’ ಒಂದಾದ ಮೇಲೊಂದು ಬರುವ ನಿಶ್ಚಲ ಚಿತ್ರಗಳ ಆಟ. 2000ದಲ್ಲಿ ಬಂದ ರೂಪದಲ್ಲಿ ಆ ದ್ವೀಪದಲ್ಲಿ ಎಲ್ಲೆಂದರಲ್ಲಿ ನಡೆದಾಡುವಂತಾಯಿತು. 2020ರ ಆವೃತ್ತಿಯನ್ನು ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಸಾಧನದಲ್ಲೂ ಆಡಬಹುದು. ಇಲ್ಲಿ ಕಣ್ಣು ‘ನಾವು ನಡೆಯುತ್ತಿದ್ದೇವೆ’ ಎನ್ನುತ್ತದೆ, ಒಳಕಿವಿಯಲ್ಲಿರುವ ಸಮತೋಲನದ ಅಂಗ ‘ಇಲ್ಲ, ಕುಳಿತಿದ್ದೇವೆ’ ಎನ್ನುತ್ತದೆ. ಈ ವಿರೋಧದಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ, ಬೆವರು ಉಂಟಾಗುತ್ತವೆ. ಘಟ್ಟದ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವರಿಗೆ ಆಗುವ ತೊಂದರೆಯೂ ಈ ಜಾತಿಯದೇ. ಹಾಗಾದರೆ ಕೂಡಲೇ ನಿಲ್ಲಿಸಬೇಕು. ಸಹಿಸಿಕೊಂಡು ಆಡಬಾರದು. ಆಟದಲ್ಲಿ ಹೆಜ್ಜೆ ಹೆಜ್ಜೆಗೆ ನಡೆಯುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುವ ಅನುಕೂಲವಿದ್ದರೆ ಅದನ್ನು ಆರಿಸಿಕೊಳ್ಳಬೇಕು.

ಹದಿನೈದರ ವಯಸ್ಸಿನಲ್ಲಿ ಆಡಿದವರಿಗೆ ಈಗ ಚಾಳೀಸು ಬಂದಿರುತ್ತದೆಂಬುದನ್ನೂ ಮರೆಯಬಾರದು. ಸಣ್ಣ ಅಕ್ಷರ ಕಾಣದೆ ತಲೆನೋವು ಬಂದರೆ ಅದು ಆಟದ ತಪ್ಪಲ್ಲ, ಕನ್ನಡಕ ಪರೀಕ್ಷಿಸಿಕೊಳ್ಳಿ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಇದು ಅರ್ಧಕ್ಕೂ ಇಳಿಯಬಹುದು. ಅದರಿಂದ ಕಣ್ಣು ಒಣಗಿ ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು.

ಕಾಯಿಲೆ ಎನ್ನುವುದು ಯಾವಾಗ?

ಆಟವನ್ನು ಪ್ರೀತಿಸುವುದು, ಹೊಸ ರೂಪವನ್ನು ಮೆಚ್ಚದಿರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಗಳಿಗಿಂತ ಆಟವೇ ಮೇಲಾಗುವುದು, ತೊಂದರೆಯಾಗುತ್ತಿದ್ದರೂ ಬಿಡಲಾಗದಿರುವುದು. ಇದರಿಂದ ಓದು, ಉದ್ಯೋಗ, ಸಂಸಾರ ಕೆಟ್ಟಿರಬೇಕು ಮತ್ತು ಸಾಮಾನ್ಯವಾಗಿ ಇದು 12 ತಿಂಗಳಾದರೂ ಕಂಡುಬಂದಿರಬೇಕು. ಇಂಥ ಸ್ಥಿತಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಚಿಕಿತ್ಸಾ ಸೇವೆಯಿದೆ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಮನೆಯವರು ಏನು ಮಾಡಬೇಕು?

* ‘ಇಷ್ಟು ವಯಸ್ಸಾದರೂ ಆಟದ ಹುಚ್ಚೇ?’ ಎಂದು ಹಂಗಿಸಬೇಡಿ. ‘ಆಗ ಯಾರೊಡನೆ ಆಡುತ್ತಿದ್ದಿರಿ?’ ಎಂದು ಕೇಳಿ. ಕೋಪದ ಬದಲು ಕಥೆ ಹೊರಬರುತ್ತದೆ.

* ಅಂದು ಜೊತೆಗೆ ಆಡಿದ ಅಣ್ಣನಿಗೋ ಗೆಳತಿಗೋ ಒಂದು ಫೋನ್ ಮಾಡಿ. ಮನಸ್ಸು ಹಂಬಲಿಸುತ್ತಿರುವುದು ಬಹುಶಃ ಆ ಮಾತಿಗೇ.

* ಸಿಟ್ಟು ಬಂದಾಗ ಏನನ್ನೂ ಬರೆದು ಕಳಿಸಬೇಡಿ. ಒಂದು ರಾತ್ರಿ ಕಳೆಯಲಿ. ಮರುದಿನವೂ ಹೇಳಬೇಕೆನಿಸಿದರೆ ಆಟದ ಬಗ್ಗೆ ಹೇಳಿ, ಮಾಡಿದವರ ಬಗ್ಗೆ ಬೇಡ.

* ಮಲಗುವುದಕ್ಕೆ ಒಂದು ಗಂಟೆ ಮೊದಲೇ ಪರದೆಯನ್ನೂ ವಾದವನ್ನೂ ನಿಲ್ಲಿಸಿ.

* ನಿಮ್ಮ ಮೆಚ್ಚಿನ ಆಟ ಮಕ್ಕಳಿಗೆ ಹಿಡಿಸಲೇಬೇಕೆಂದು ಒತ್ತಾಯಿಸಬೇಡಿ. ಹೊಸ ರೂಪವೇ ಅವರಿಗೆ ಮೊದಲ ರೂಪ. ಮೂವತ್ತು ವರ್ಷದ ನಂತರ ಅವರು ಹಂಬಲಿಸುವುದು ಅದಕ್ಕೇ.

2009ರ ‘ಮಂಕಿ ಐಲ್ಯಾಂಡ್’ ಆವೃತ್ತಿಯಲ್ಲಿ ನಾಯಕನ ಕೂದಲಿನ ಹೊಸ ವಿನ್ಯಾಸವನ್ನು ಅನೇಕರು ಲೇವಡಿ ಮಾಡಿದರು. ಆದರೆ ಅದರಲ್ಲಿ ಒಂದು ಸೌಲಭ್ಯವಿತ್ತು. ಕೀಲಿಮಣೆಯ ಒಂದು ಕೀಲಿ ಒತ್ತಿದರೆ ಹೊಸ ಚಿತ್ರ ಸರಿದು 1990ರ ಹಳೆಯ ಚಿತ್ರ ಬರುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಹೊಸದು. ಕಥೆ ನಿಲ್ಲುತ್ತಿರಲಿಲ್ಲ. ಮಗಳಿಗೆ ಹೊಸದನ್ನು ತೋರಿಸಿ, ನಡುವೆ ಒಮ್ಮೆ ‘ನಮ್ಮ ಕಾಲದಲ್ಲಿ ಹೀಗಿತ್ತು ನೋಡು’ ಎಂದು ಹಳೆಯದನ್ನೂ ತೋರಿಸಿದರೆ ಇಬ್ಬರಿಗೂ ಸಂತೋಷ. ಹಳೆಯದನ್ನು ಹೊಸದು ಅಳಿಸುವುದಿಲ್ಲ ಎಂಬ ಅರಿವು ಮನಸ್ಸಿಗೆ ಬಂದರೆ ಕೋಪ ಅರ್ಧ ಇಳಿದಂತೆಯೇ.