ಸ್ವಸಹಾಯ ಗುಂಪಿನ ಪ್ರತಿನಿಧಿ: ನಾಯಕತ್ವ ಹಾಗೂ ಆತ್ಮಾವಲೋಕನ

ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು 2011ರಲ್ಲಿ ಆರಂಭಗೊಂಡಿದ್ದು, ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಲ್ಲಿ ಅನುಷ್ಠಾನಗೊಳ್ಳುತ್ತಿದೆ. ಸಾಮಾನ್ಯವಾಗಿ 10ರಿಂದ 20 ಮಹಿಳೆಯರಿರುವ ಸ್ವಸಹಾಯ ಗುಂಪು ತನ್ನ ಪ್ರತಿನಿಧಿಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸಲು ಇಚ್ಛಿಸುವ ಗುಂಪುಗಳು ನಮೂನೆಯನ್ನು ಭರ್ತಿ ಮಾಡುವ ಮುನ್ನ ಪ್ರತಿನಿಧಿಯ ಕಾರ್ಯವೈಖರಿಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

ಓದುಬರಹ ಬಲ್ಲ, ಬ್ಯಾಂಕಿನಲ್ಲಿ ಅಂಜದೆ ಮಾತನಾಡಬಲ್ಲ ಮಹಿಳೆಯೇ ಬಹುಮಟ್ಟಿಗೆ ಪ್ರತಿನಿಧಿಯಾಗುತ್ತಾರೆ. ಮೊದಮೊದಲು ಇದರಿಂದ ಅನುಕೂಲವೇ. ಕ್ರಮೇಣ ನಡವಳಿ ಪುಸ್ತಕ, ಸಾಲದ ಲೆಕ್ಕ, ಪಾಸ್ ಪುಸ್ತಕ ಎಲ್ಲವೂ ಅವರ ಮನೆಯ ಬೀರುವಿನಲ್ಲೇ ಉಳಿಯುತ್ತವೆ. ಸಾಲ ಯಾರಿಗೆ ಎಂಬುದನ್ನು ಅವರೇ ಮೊದಲು ಹೇಳುತ್ತಾರೆ. ಉಳಿದವರು ತಲೆಯಾಡಿಸಿ ಸಹಿ ಮಾಡುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. ಇದರಲ್ಲಿ ದುರುದ್ದೇಶವಿರಬೇಕೆಂದೇನೂ ಇಲ್ಲ. ತಾವು ಮಾಡದಿದ್ದರೆ ಕೆಲಸವಾಗದೆಂಬ ಪ್ರಾಮಾಣಿಕ ನಂಬಿಕೆಯೇ ಅನೇಕ ವೇಳೆ ಕಾರಣವಾಗಿರುತ್ತದೆ. ಆದುದರಿಂದಲೇ ಈ ದೋಷ ಸ್ವತಃ ಅವರ ಗಮನಕ್ಕೆ ಬರುವುದು ಕಷ್ಟ.

ಪ್ರತಿನಿಧಿಯು ಹಿಂದಿನ ಐದಾರು ಸಭೆಗಳ ನಡವಳಿಯನ್ನು ತೆರೆದು ನೋಡಬಹುದು. ತಮ್ಮ ಸಲಹೆಗೆ ವಿರುದ್ಧವಾಗಿ ಒಂದಾದರೂ ತೀರ್ಮಾನವಾಗಿದೆಯೇ? ಎಂದೂ ಬಾಯಿ ತೆರೆಯದ ಸದಸ್ಯೆ ಯಾರು? ಆಕೆಗೆ ತನ್ನ ಉಳಿತಾಯದ ಮೊತ್ತ, ಬಾಕಿ ಸಾಲದ ಮೊತ್ತ ತಿಳಿದಿದೆಯೇ? ಒಂದು ಸಭೆಯಲ್ಲಿ ಪ್ರತಿನಿಧಿಯು ಕೊನೆಯಲ್ಲಿ ಮಾತ್ರ ಮಾತನಾಡಿ, ಪುಸ್ತಕ ಬರೆಯುವ ಕೆಲಸವನ್ನು ಮತ್ತೊಬ್ಬರಿಗೆ ವಹಿಸಿ ನೋಡುವುದು ಇನ್ನೂ ಉತ್ತಮ. ಅಕ್ಷರ ಸೊಟ್ಟಗಾದರೂ ಲೆಕ್ಕ ಸರಿಯಿದ್ದರೆ ಸಾಕು.

ಇದು ಕೇವಲ ನಡತೆಯ ವಿಷಯವಲ್ಲ. ಅಭಿಯಾನದಡಿ ಸಾಲ ಪಡೆಯಲು ಗುಂಪು ಕನಿಷ್ಠ 6 ತಿಂಗಳಿನಿಂದ ಸಕ್ರಿಯವಾಗಿರಬೇಕು. ಈ ಅವಧಿಯನ್ನು ಉಳಿತಾಯ ಖಾತೆ ತೆರೆದ ದಿನಾಂಕದಿಂದಲ್ಲ, ಗುಂಪಿನ ಲೆಕ್ಕಪುಸ್ತಕಗಳಿಂದ ಪರಿಗಣಿಸಲಾಗುತ್ತದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲಿಕ ಮರುಪಾವತಿ ಹಾಗೂ ಅಂದಂದಿನ ಲೆಕ್ಕ ಬರವಣಿಗೆ ಎಂಬ ಪಂಚಸೂತ್ರಗಳ ಪಾಲನೆಯೂ ಅಗತ್ಯ. ಪುಸ್ತಕ ಬಲ್ಲವರು ಒಬ್ಬರೇ ಇದ್ದು, ಅವರು ಹೆರಿಗೆಗೋ ಅನಾರೋಗ್ಯದಿಂದಲೋ ಎರಡು ತಿಂಗಳು ಊರಲ್ಲಿ ಇಲ್ಲದಿದ್ದರೆ, ಅಷ್ಟೂ ಸಭೆಗಳ ಪುಟ ಖಾಲಿ ಉಳಿದು ಎಲ್ಲ ಸದಸ್ಯರ ಸಾಲಕ್ಕೂ ತೊಡಕಾಗುತ್ತದೆ.

ಪ್ರತಿನಿಧಿಗಳನ್ನು ಬದಲಾಯಿಸಲು ಗುಂಪು ತೀರ್ಮಾನಿಸಿದಲ್ಲಿ, ಸಭೆಯ ಠರಾವಿನ ಪ್ರತಿಯೊಂದಿಗೆ ಹೊಸ ಪ್ರತಿನಿಧಿಗಳ ಗುರುತು ಹಾಗೂ ವಿಳಾಸದ ದಾಖಲೆಗಳನ್ನು ಬ್ಯಾಂಕ್ ಶಾಖೆಗೆ ಸಲ್ಲಿಸಿ, ಖಾತೆಯ ಮಾದರಿ ಸಹಿಗಳನ್ನು ಬದಲಾಯಿಸಿಕೊಳ್ಳತಕ್ಕದ್ದು. ಹಳೆಯ ಪ್ರತಿನಿಧಿಯೇ ಜೊತೆಗೆ ಶಾಖೆಗೆ ತೆರಳಿ ಪರಿಚಯಿಸಿಕೊಟ್ಟಲ್ಲಿ ಅನುಕೂಲ.