ಹಗುರ ಚಾವಣಿಯ ಹೊಣೆ

ವಾರದ ಹಿಂದೆ ಬರಿಯ ಬಯಲಾಗಿದ್ದ ನೆಲದಲ್ಲಿ ಜಾತ್ರೆಯ ಸಂಜೆಗೆ ರಂಗಮಂದಿರವೊಂದು ಎದ್ದು ನಿಂತಿರುತ್ತದೆ. ಕಂಬ, ಹಗ್ಗ, ಗೂಟ, ಕ್ಯಾನ್‌ವಾಸು, ಒಂದಿಷ್ಟು ತಗಡು. ಇಷ್ಟೇ ಅದರ ಸಾಮಗ್ರಿ. ಕೆಲವು ವಾರ ಜನರನ್ನು ನಗಿಸಿ, ಅಳಿಸಿ, ಮತ್ತೆ ಲಾರಿಯೇರಿ ಮುಂದಿನ ಊರಿಗೆ ಹೊರಟುಹೋಗುತ್ತದೆ. ಚಿಂದೋಡಿ ಲೀಲಾ ಅವರ ಹೆಸರಿನೊಡನೆ ಬೆಸೆದುಕೊಂಡ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂತಹ ಮಂಡಳಿಗಳನ್ನೂ, ಟೂರಿಂಗ್ ಟಾಕೀಸುಗಳನ್ನೂ ಬಲ್ಲ ಸೀಮೆಗೆ ಇದು ಹೊಸ ಸೋಜಿಗವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಿರಿಯರಿಗೆ ಮನರಂಜನೆಯೆಂದೊಡನೆ ಡೇರೆಯ ನೆನಪಾದರೆ ಆಶ್ಚರ್ಯವೇನು?

ಕಲ್ಲಿನ ಕಟ್ಟಡ ತನ್ನ ಭಾರದಿಂದ ನಿಲ್ಲುತ್ತದೆ. ಡೇರೆ ತನ್ನ ಬಿಗಿತದಿಂದ ನಿಲ್ಲುತ್ತದೆ. ಬಟ್ಟೆಯನ್ನು ಕುದುರೆಯ ಜೀನಿನಂತೆ ಒಂದು ದಿಕ್ಕಿಗೆ ಮೇಲಕ್ಕೂ ಅಡ್ಡದಿಕ್ಕಿಗೆ ಕೆಳಕ್ಕೂ ಬಾಗಿಸಿ ಎಳೆದು ಕಟ್ಟಿದರೆ ಅದು ಗಾಳಿಗೆ ಪಟಪಟಿಸದು. ಸಡಿಲ ಬಿಟ್ಟರೆ ಮಳೆನೀರು ಮಡುಗಟ್ಟಿ ಹೊಟ್ಟೆ ಜೋತುಬೀಳುತ್ತದೆ. ಬಿರುಗಾಳಿಯಾದರೋ ಚಾವಣಿಯನ್ನು ಅದುಮುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆತ್ತಲು ಹವಣಿಸುತ್ತದೆ. ಆದುದರಿಂದ ಚಾವಣಿ ಹಗುರವಾದಷ್ಟೂ ನೆಲದಲ್ಲಿ ಹೂತ ಗೂಟದ ಹೊಣೆ ಹೆಚ್ಚುತ್ತದೆ.

ಗಾಳಿಮಳೆಗಳಿಗಿಂತ ಘೋರವಾದ ಶತ್ರು ಬೆಂಕಿ. 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಸರ್ಕಸ್ ಡೇರೆಯೊಂದಕ್ಕೆ ಬೆಂಕಿ ತಗುಲಿ ನೂರರವತ್ತಕ್ಕೂ ಹೆಚ್ಚು ಜನ ಮಡಿದರು. ನೀರು ಸೋರದಿರಲೆಂದು ಆ ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಮೇಣವನ್ನು ಬಳಿಯಲಾಗಿತ್ತು! 1981ರ ಫೆಬ್ರವರಿ 7ರಂದು ನಮ್ಮ ಬೆಂಗಳೂರಿನಲ್ಲಿಯೇ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. ಅಂದು ಅಸುನೀಗಿದ 92 ಮಂದಿಯಲ್ಲಿ ಬಹುಪಾಲು ಮಕ್ಕಳು. ನಗಲೆಂದು ಹೋದ ಮಕ್ಕಳು ಮನೆಗೆ ಮರಳಲಿಲ್ಲ.

ಹೀಗಿರುವಾಗ ಜಗತ್ತು ಡೇರೆಯನ್ನು ತೊರೆಯಿತೇ? ಇಲ್ಲ, ಬಟ್ಟೆಯನ್ನು ಬದಲಿಸಿತು. ಸೋಪಿನ ನೀರಿನ ಪೊರೆಗಳಿಂದ ಚಾವಣಿಯ ಆಕಾರವನ್ನು ಕಲಿತ ಜರ್ಮನಿಯ ಫ್ರೈ ಒಟ್ಟೊ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಉಕ್ಕಿನ ಹಗ್ಗಗಳ ಬಲೆಯ ಚಾವಣಿ ರೂಪಿಸುವಲ್ಲಿ ನೆರವಾದರು. ಗಾಜಿನ ನೂಲಿನಿಂದ ನೇಯ್ದು ಟೆಫ್ಲಾನ್ ಲೇಪಿಸಿದ, ಸುಲಭವಾಗಿ ಹೊತ್ತಿಕೊಳ್ಳದ ಬಟ್ಟೆ ಅದರ ಮರುವರ್ಷವೇ ಅಮೆರಿಕದ ಕಾಲೇಜೊಂದರ ಚಾವಣಿಯಾಯಿತು.

ಇತ್ತೀಚಿನದು ಇ.ಟಿ.ಎಫ್.ಇ. ಎಂಬ ಪಾರದರ್ಶಕ ಹಾಳೆ. ಅದರ ತೂಕ ಗಾಜಿನ ಸುಮಾರು ನೂರರಲ್ಲೊಂದು ಪಾಲು. ಎರಡು ಮೂರು ಹಾಳೆಗಳ ಅಂಚನ್ನು ಬಿಗಿದು ನಡುವೆ ಗಾಳಿ ತುಂಬಿದರೆ ದಿಂಬಿನಂತಾಗುತ್ತದೆ. ಉರಿ ತಾಗಿದಾಗ ಅದು ಕರಗಿ ಹಿಂದೆ ಸರಿದು ಹೊಗೆಗೆ ದಾರಿ ಬಿಡುತ್ತದೆ. 2008ರಲ್ಲಿ ಬೀಜಿಂಗಿನ ಒಲಿಂಪಿಕ್ ಈಜುಕೊಳಕ್ಕೆ ಇಂತಹ ದಿಂಬುಗಳೇ ಗೋಡೆಯೂ ಚಾವಣಿಯೂ ಆದುವು. 2010ರಲ್ಲಿ ಕಜಕಸ್ತಾನದ ರಾಜಧಾನಿಯಲ್ಲಿ 150 ಮೀಟರ್ ಎತ್ತರದ ವಿಹಾರಮಂದಿರವೊಂದು ತಲೆಯೆತ್ತಿತು. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಮರಳಿನ ದಂಡೆ! ಅದರ ಹೆಸರು ‘ಖಾನ್ ಶಾತಿರ್’. ಎಂದರೆ ರಾಜನ ಡೇರೆ.

ಚಳಿನಾಡಿಗೆ ಒಪ್ಪುವ ಹಾಳೆ ಜಗಳೂರಿನ ಬಿಸಿಲಿಗೆ ಹಾಗೆಯೇ ಒಪ್ಪದು. ನೆರಳಿನ ಏರ್ಪಾಡಿಲ್ಲದಿದ್ದರೆ ಒಳಗಿನವರು ಬೇಯಬೇಕಾದೀತು. ಅಲ್ಲಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಬಟ್ಟೆ, ಸುತ್ತಲೂ ಗಾಳಿಯಾಡುವ ತೆರವು ಲೇಸು. ಮಲೆನಾಡಿನ ಅಂಚಿಗೆ ಸರಿದ ಚನ್ನಗಿರಿ, ನ್ಯಾಮತಿಗಳಲ್ಲಿ ಮಳೆನೀರು ತಡೆಯಿಲ್ಲದೆ ಜಾರಿಹೋಗುವ ಇಳಿಜಾರು ಬೇಕು.

ಆದರೆ ಯಾವ ಊರಾದರೂ ಸರಿಯೆ, ಎಂತಹ ಬಟ್ಟೆಯಾದರೂ ಸರಿಯೆ, ಮೂರು ಮಾತು ಬದಲಾಗವು: ಗೂಟ ಗಟ್ಟಿಯಾಗಿರಬೇಕು, ಬಾಗಿಲುಗಳು ಹಲವಿರಬೇಕು, ಅವು ತೆರೆದಿರಬೇಕು. ಮಕ್ಕಳ ಕೈಹಿಡಿದು ಆಟ ನೋಡಲು ಹೋಗುವ ತಂದೆತಾಯಿಗಳು ತಲೆಯ ಮೇಲಿನ ಬೆರಗನ್ನು ಕಂಡು ನಲಿಯುವ ಮುನ್ನ ಹೊರಹೋಗುವ ದಾರಿಯನ್ನೊಮ್ಮೆ ನೋಡಿಟ್ಟುಕೊಳ್ಳುವುದು ಜಾಣತನ.