ಸುಣ್ಣ ಕಲಿಸಿದ ಪಾಠ, ವಿಜ್ಞಾನಿ ಹಿಡಿದ ಹಾದಿ

ಮಳೆಗಾಲ ಹಿಡಿಯುವ ಮುನ್ನ ಕಾರ್ಕಳ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಮಾತ್ರ ಹೊಸತೇ ಆಗಬೇಕು. ಗೋಣಿಯಲ್ಲಿ ಬಹುಕಾಲ ಬಿದ್ದಿದ್ದ ಸುಣ್ಣ ಹಾಕಿದರೆ ಬೋರ್ಡೋ ದ್ರಾವಣ ಹದಕ್ಕೆ ಬರುವುದಿಲ್ಲ. ಇದು ಕೃಷಿಕರೆಲ್ಲರಿಗೂ ಗೊತ್ತು. ಆದರೆ ಕಾರಣವೇನು?

ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಸುಣ್ಣದ ತಿಳಿನೀರಿನ ಮೇಲೆ ಕಟ್ಟುವ ಬಿಳಿ ಪೊರೆ ಇದಕ್ಕೆ ಸಾಕ್ಷಿ. ಈ ಗುಣವನ್ನೇ ಹಿಡಿದು, ಗಾಳಿಯಿಂದ ಇಂಗಾಲವನ್ನು ತೆಗೆಯುವ ಹೊಸ ವಸ್ತುಗಳನ್ನು ಹುಡುಕುವುದು ಇಂದು ವಸ್ತುವಿಜ್ಞಾನಿಗಳ ಕಸುಬಾಗಿದೆ.

ಏಕೆ ತೆಗೆಯಬೇಕು?

ಕಾರ್ಖಾನೆಗಳ ಕಾಲಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಈಗ 420ನ್ನು ದಾಟಿದೆ. ಇದು ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ. ಬಿಸಿ ಏರಿದರೆ ಮಳೆಯ ಲೆಕ್ಕ ತಪ್ಪುತ್ತದೆ. ಮಳೆ ನಂಬಿ ಬದುಕುವವರಿಗೆ ಇದು ದೂರದ ಮಾತಲ್ಲ.

ಕಾಪು ತಾಲೂಕಿನ ಎಲ್ಲೂರಿನಲ್ಲಿರುವ 1200 ಮೆಗಾವಾಟ್ ಸ್ಥಾವರದಂತಹ ಕಲ್ಲಿದ್ದಲು ಸ್ಥಾವರಗಳ ಹೊಗೆಯಲ್ಲಿ ನೂರಕ್ಕೆ ಹನ್ನೆರಡರಷ್ಟು ಈ ಅನಿಲವೇ ಇರುತ್ತದೆ. ಬಯಲಿನ ಗಾಳಿಯಲ್ಲಾದರೋ ಹತ್ತು ಸಾವಿರಕ್ಕೆ ನಾಲ್ಕು ಭಾಗ. ಚಿಮಣಿಯಲ್ಲಿ ಹಿಡಿಯುವುದು ಕೆರೆಯಲ್ಲಿ ಮೀನು ಹಿಡಿದಂತೆ. ಬಯಲಲ್ಲಿ ಹಿಡಿಯುವುದು ಕಡಲಲ್ಲಿ ಒಂದೇ ಮೀನನ್ನು ಅರಸಿದಂತೆ.

ಸುಣ್ಣ ಈ ಕೆಲಸ ಮಾಡಬಲ್ಲದು. ಆದರೆ ಹಿಡಿದ ಅನಿಲವನ್ನು ಬಿಡಿಸಿಕೊಳ್ಳಲು ಸುಮಾರು 900 ಡಿಗ್ರಿ ಕಾವು ಬೇಕು. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಅನಿಲ ಹೊರಬೀಳುತ್ತದೆ. ಆ ಅನಿಲವನ್ನು ಗೂಡಿನಲ್ಲೇ ಹಿಡಿದು ಭದ್ರಪಡಿಸದಿದ್ದರೆ ಲಾಭವಿಲ್ಲ. ಕಡಿಮೆ ಕಾವಿಗೆ ಬಿಟ್ಟುಕೊಡುವ ವಸ್ತು ಬೇಕು.

ದನಗಳ ಜೊತೆ ಬೆಳೆದ ಹುಡುಗ

ಆ ವಸ್ತುವಿನ ಬೆನ್ನು ಹತ್ತಿದವರಲ್ಲಿ ಒಮರ್ ಯಾಘಿ ಒಬ್ಬರು. ಅವರು 1965ರಲ್ಲಿ ಜೋರ್ಡಾನ್ ದೇಶದ ಅಮ್ಮಾನ್‌ನಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಮನೆಯಲ್ಲಿ ಹುಟ್ಟಿದರು. ಒಂದೇ ಕೋಣೆ, ಅದರಲ್ಲಿ ಮನೆಮಂದಿಯೆಲ್ಲ, ಜೊತೆಗೆ ಸಾಕಿದ ದನಗಳು. ಕುಡಿಯುವ ನೀರು ವಾರಕ್ಕೋ ಎರಡು ವಾರಕ್ಕೋ ಕೆಲವು ಗಂಟೆ ಮಾತ್ರ. ಶಾಲೆಯ ಗ್ರಂಥಾಲಯದಲ್ಲಿ ಕಂಡ ಅಣುಗಳ ಚಿತ್ರ ಅವರ ಮನಸ್ಸು ಸೆಳೆಯಿತು. ಹದಿನೈದರ ವಯಸ್ಸಿಗೆ ಅಮೆರಿಕಕ್ಕೆ ಹೋಗಿ, ಅಂಗಡಿಯಲ್ಲಿ ಸಾಮಾನು ಕಟ್ಟಿ, ನೆಲ ಒರೆಸಿ ಓದಿದರು. 1990ರಲ್ಲಿ ಪಿಎಚ್.ಡಿ. ಪಡೆದರು.

ಅವರು ಕಟ್ಟಿದ್ದು ಅಣುಗಳ ಚಪ್ಪರ. ಲೋಹದ ಕಣಗಳೇ ಗಂಟುಗಳು, ಇಂಗಾಲದ ಸಂಯುಕ್ತಗಳೇ ಸಲಾಕೆಗಳು, ನಡುವೆಲ್ಲ ಪೊಳ್ಳು. 1999ರಲ್ಲಿ ಪ್ರಕಟಿಸಿದ ಇಂತಹ ಒಂದು ವಸ್ತುವಿನ ಕೆಲವೇ ಗ್ರಾಂ ಹುಡಿಯೊಳಗಿನ ಮೈಯನ್ನು ಬಿಡಿಸಿದರೆ ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. 2024ರಲ್ಲಿ ಅವರ ತಂಡ, ಲೋಹವಿಲ್ಲದ ಚಪ್ಪರದೊಳಗೆ ಸಾರಜನಕದ ಸಂಯುಕ್ತಗಳನ್ನು ತೂಗಹಾಕಿ ಹೊಸ ಹುಡಿಯೊಂದನ್ನು ಮಾಡಿತು. ಅದು ಬಯಲ ಗಾಳಿಯಿಂದ ಅನಿಲ ಹಿಡಿದು ಸುಮಾರು 60 ಡಿಗ್ರಿ ಕಾವಿಗೇ ಬಿಡುತ್ತದೆ. ನೂರು ಸಲ ಹಿಡಿದು ಬಿಟ್ಟರೂ ಶಕ್ತಿ ಕುಂದಲಿಲ್ಲ. ಅಂತಹ 200 ಗ್ರಾಂ ಹುಡಿ ವರ್ಷಕ್ಕೆ 20 ಕಿಲೋ ಅನಿಲ ಹಿಡಿಯಬಲ್ಲದೆಂದು, ಅಂದರೆ ಒಂದು ದೊಡ್ಡ ಮರದಷ್ಟು ಕೆಲಸ ಮಾಡಬಲ್ಲದೆಂದು ಅವರ ಲೆಕ್ಕ. 2025ರಲ್ಲಿ ಇನ್ನಿಬ್ಬರೊಡನೆ ಅವರಿಗೆ ರಸಾಯನ ಶಾಸ್ತ್ರದ ನೊಬೆಲ್ ಬಹುಮಾನ ಬಂತು.

ನಮ್ಮ ರಾಜ್ಯದಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸೆಬಾಸ್ಟಿಯನ್ ಪೀಟರ್ ಇದೇ ಅನಿಲವನ್ನು ಮೆಥನಾಲ್ ಆಗಿಸುವ ವೇಗವರ್ಧಕಗಳ ಮೇಲೆ ದುಡಿಯುತ್ತ ಬಂದಿದ್ದಾರೆ. ಅವರ ‘ಬ್ರೀತ್’ ತಂಡ 2018ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ ಕೊನೆಯ ಹತ್ತು ತಂಡಗಳಲ್ಲಿ ಒಂದಾಗಿತ್ತು.

ಇಲ್ಲೊಂದು ಎಚ್ಚರಿಕೆಯ ಮಾತು. ಮೆಥನಾಲ್ ಉರಿಸಿದರೆ ಅನಿಲ ಮತ್ತೆ ಗಾಳಿಗೇ ಸೇರುತ್ತದೆ. ಅದು ಮರುಬಳಕೆಯೇ ಹೊರತು ನಿಜವಾದ ತೆಗೆಯುವಿಕೆಯಲ್ಲ. ಹಿಡಿದದ್ದನ್ನು ನೆಲದಾಳದಲ್ಲೋ ಕಲ್ಲಿನಲ್ಲೋ ಬಂಧಿಸಿದರೆ ಮಾತ್ರ ತೆಗೆದಂತೆ. ಬಯಲ ಗಾಳಿಯಿಂದ ಹಿಡಿಯುವ ಖರ್ಚೂ ಇಂದಿಗೆ ಬಹಳ. ಆದ್ದರಿಂದ ಹೊಗೆ ಕಡಿಮೆ ಮಾಡುವ ಕೆಲಸವನ್ನು ಇದು ತಪ್ಪಿಸುವುದಿಲ್ಲ.

ಮಕ್ಕಳಿಗೆ ದಾರಿ

ಈ ಹಾದಿಗೆ ಮೊದಲ ಮೆಟ್ಟಿಲು ನಮ್ಮೂರಲ್ಲೇ ಇದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಉಡುಪಿಯ ಎಂ.ಜಿ.ಎಂ., ಕಾರ್ಕಳದ ಭುವನೇಂದ್ರದಂತಹ ಕಾಲೇಜುಗಳಲ್ಲಿ ಬಿ.ಎಸ್ಸಿ. ಮಾಡಬಹುದು, 1957ರಲ್ಲಿ ಆರಂಭವಾದ ಮಣಿಪಾಲದ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಬಹುದು. ಮುಂದೆ ಸಂಶೋಧನೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಫೆಲೋಶಿಪ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಆರಂಭದಲ್ಲೇ ತಿಂಗಳಿಗೆ 37,000 ರೂಪಾಯಿ ವೇತನ ನಿಗದಿಯಾಗಿದೆ. ‘ಓದುತ್ತಲೇ ಕುಳಿತರೆ ಮನೆಗೆ ಭಾರ’ ಎಂಬ ಹೆದರಿಕೆಯಿಂದ ಮಕ್ಕಳನ್ನು ತಡೆಯಬೇಕಾಗಿಲ್ಲ.

ಈ ಸಲ ಮದ್ದು ಕಲಸುವಾಗ ಸುಣ್ಣದ ತಿಳಿನೀರನ್ನು ಒಂದು ಪಾತ್ರೆಯಲ್ಲಿ ತೆರೆದಿಟ್ಟು, ಮರುದಿನ ಅದರ ಮೇಲಿನ ಪೊರೆಯನ್ನು ಮಕ್ಕಳಿಗೆ ತೋರಿಸಿರಿ. ಕೈ ತಾಗದಂತೆ ನೋಡಿಕೊಳ್ಳಿ. ಇದು ಏಕಾಯಿತು ಎಂದು ಮಗು ಕೇಳಿದರೆ, ಪಾಠ ಅಲ್ಲಿಂದಲೇ ಶುರುವಾಗಲಿ.